ಬಂತು, ಬರುತ್ತಿತ್ತು: ಫ್ರೆಂಚ್ ಭೂತಕಾಲಕ್ಕೆ ಕೂಡ್ಲಿಗಿ ಸೀಮೆಯ ದಾರಿ

‘ಕೊಟ್ಟೂರಿಗೆ ರೈಲು ಬಂತು.’ ‘ಕೊಟ್ಟೂರಿಗೆ ರೈಲು ಬರುತ್ತಿತ್ತು.’ ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವೇನೆಂದು ಕೂಡ್ಲಿಗಿ ತಾಲ್ಲೂಕಿನ ಯಾವ ಮಗುವಿಗೂ ಯಾರೂ ಕಲಿಸಿಕೊಡಬೇಕಾಗಿಲ್ಲ. ಮೊದಲನೆಯದು ಒಂದು ದಿನದ ಸುದ್ದಿ. ಎರಡನೆಯದು ಒಂದು ಕಾಲದ ಸುದ್ದಿ. ಒಂದರಲ್ಲಿ ಘಟನೆ ಆಗಿ ಮುಗಿಯಿತು. ಇನ್ನೊಂದರಲ್ಲಿ ಕೇಳುವವನನ್ನು ಹಿಂದಿನ ದಿನಗಳ ನಡುವೆಯೇ ಕೊಂಡೊಯ್ದು ನಿಲ್ಲಿಸಿದಂತಾಯಿತು.

ಫ್ರೆಂಚ್ ಭಾಷೆ ಕಲಿಯಲು ಹೊರಟವರು ಮೊದಲ ವರ್ಷದಲ್ಲಿಯೇ ಎಡವುವ ಕಲ್ಲು ಇದು. ಆ ಭಾಷೆಯಲ್ಲಿ ‘ಬಂತು’ ಎನ್ನಲು ಒಂದು ಕಾಲ, ‘ಬರುತ್ತಿತ್ತು’ ಎನ್ನಲು ಇನ್ನೊಂದು ಕಾಲ. ಎರಡನೆಯದರ ಹೆಸರು ‘ಆ್ಯಂಪಾರ್ಫೆ’. ಮೊದಲನೆಯದಕ್ಕೆ ಆಡುಮಾತಿನಲ್ಲಿ ‘ಪಾಸೇ ಕೊಂಪೋಸೇ’ ಎಂಬ ರೂಪವಿದೆ. ಯಾವಾಗ ಯಾವುದನ್ನು ಬಳಸಬೇಕೆಂಬುದನ್ನು ವಿವರಿಸಲು ಪಠ್ಯಪುಸ್ತಕಗಳು ಪುಟಗಟ್ಟಲೆ ನಿಯಮಗಳನ್ನು ಕೊಡುತ್ತವೆ. ಕಲಿಯುವವರು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಮತ್ತೆ ತಪ್ಪುತ್ತಾರೆ.

ತಪ್ಪಲು ಕಾರಣ ಫ್ರೆಂಚ್ ಅಲ್ಲ, ನಡುವೆ ನಿಂತಿರುವ ಇಂಗ್ಲಿಷ್. ಕರ್ನಾಟಕದಲ್ಲಿ ಪದವಿಪೂರ್ವ ತರಗತಿಯ ಭಾಷಾ ಆಯ್ಕೆಗಳಲ್ಲಿ ಫ್ರೆಂಚ್ ಇದೆ. ಬೆಂಗಳೂರಿನಲ್ಲಿ 1979ರಿಂದ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆ ಇದೆ. ಆದರೆ ವಿದ್ಯಾರ್ಥಿಯ ಕೈಗೆ ಬರುವ ವ್ಯಾಕರಣದ ವಿವರಣೆ ಸಾಮಾನ್ಯವಾಗಿ ಇಂಗ್ಲಿಷಿನದು. ಇಂಗ್ಲಿಷಿನ ಸಾದಾ ಭೂತಕಾಲ ಎರಡು ಕೆಲಸವನ್ನೂ ಒಂದೇ ಮಾತಿನಲ್ಲಿ ಮಾಡಿಬಿಡುತ್ತದೆ. ‘ವೆಂಟ್’ ಎಂದರೆ ನಿನ್ನೆ ಹೋದದ್ದೂ ಆಗಬಹುದು, ಚಿಕ್ಕಂದಿನಲ್ಲಿ ಪ್ರತಿವರ್ಷ ಹೋಗುತ್ತಿದ್ದುದೂ ಆಗಬಹುದು. ಹೀಗಾಗಿ ಇಂಗ್ಲಿಷಿನ ಮೂಲಕ ಫ್ರೆಂಚಿಗೆ ಹೋಗುವವನು, ತನ್ನ ಮನೆಯ ಮಾತಿನಲ್ಲಿ ಸ್ಪಷ್ಟವಾಗಿದ್ದ ಭೇದವನ್ನು ಮೊದಲು ಕಳೆದುಕೊಂಡು, ಆಮೇಲೆ ಅದನ್ನೇ ಹೊಸದಾಗಿ ಹುಡುಕುತ್ತಾನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಕಾಲೇಜಿಗೆ ಹೋಗುವ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ತಮ್ಮ ಇಂಗ್ಲಿಷ್ ಸಾಲದೆಂದು ಅಂಜುವುದು ಸಹಜ. ಈ ಒಂದು ಪಾಠದ ಮಟ್ಟಿಗೆ ಅವರು ಅಂಜಬೇಕಿಲ್ಲ. ಇಲ್ಲಿ ಅವರೇ ಒಂದು ಹೆಜ್ಜೆ ಮುಂದಿದ್ದಾರೆ.

‘ಆ್ಯಂಪಾರ್ಫೆ’ ಎಂಬ ಹೆಸರಿಗೆ ‘ದೋಷವುಳ್ಳದ್ದು’ ಎಂಬ ಅರ್ಥ ಇಲ್ಲಿಲ್ಲ. ಲ್ಯಾಟಿನ್ ಮೂಲದ ಈ ಮಾತಿಗೆ ‘ಮುಗಿಯದ್ದು’, ‘ಪೂರ್ಣವಾಗದ್ದು’ ಎಂದರ್ಥ. ಅಪೂರ್ಣ ಭೂತ ಎಂದರೆ ಸರಿಹೋಗುತ್ತದೆ.

ಇನ್ನು ಅದನ್ನು ಕಟ್ಟುವ ಬಗೆ. ಇದು ಫ್ರೆಂಚಿನ ಅತ್ಯಂತ ಸುಲಭವಾದ ಕಾಲ ಎಂದರೆ ಹೆಚ್ಚಿನ ಮಾತಲ್ಲ. ಕ್ರಿಯಾಪದದ ವರ್ತಮಾನ ಕಾಲದಲ್ಲಿ ‘ನಾವು’ ಎಂಬುದಕ್ಕೆ ಬರುವ ರೂಪವನ್ನು ತೆಗೆದುಕೊಳ್ಳಬೇಕು. ಮಾತಾಡು ಎಂಬುದಕ್ಕೆ ‘ನೂ ಪಾರ್ಲೋಂ’, ಅಂದರೆ ನಾವು ಮಾತಾಡುತ್ತೇವೆ. ಕೊನೆಯ ‘ಓಂ’ ಕಳಚಿದರೆ ‘ಪಾರ್ಲ್’ ಉಳಿಯುತ್ತದೆ. ಅದಕ್ಕೆ ಪ್ರತ್ಯಯ ಹಚ್ಚಿದರೆ ಮುಗಿಯಿತು: ಜ ಪಾರ್ಲೆ (ನಾನು ಮಾತಾಡುತ್ತಿದ್ದೆ), ತ್ಯು ಪಾರ್ಲೆ (ನೀನು), ಇಲ್ ಪಾರ್ಲೆ (ಅವನು), ನೂ ಪಾರ್ಲ್ಯೋಂ (ನಾವು), ವೂ ಪಾರ್ಲ್ಯೇ (ನೀವು), ಮತ್ತೆ ಇಲ್ ಪಾರ್ಲೆ (ಅವರು). ಆರರಲ್ಲಿ ನಾಲ್ಕು ರೂಪಗಳು ಕಿವಿಗೆ ಒಂದೇ. ಬರೆಯುವಾಗ ಮಾತ್ರ ಬೇರೆ. ‘ಅವರು’ ಎಂಬುದರ ಪ್ರತ್ಯಯದಲ್ಲಿ ಐದು ಅಕ್ಷರ ಬರೆದು ಒಂದು ‘ಎ’ಕಾರ ಉಚ್ಚರಿಸಬೇಕು. ಕನ್ನಡದಲ್ಲಿ ಹಾಗಿಲ್ಲ. ಮಾತಾಡುತ್ತಿದ್ದೆ, ಮಾತಾಡುತ್ತಿದ್ದ, ಮಾತಾಡುತ್ತಿದ್ದಳು, ಮಾತಾಡುತ್ತಿದ್ದರು ಎಂಬಲ್ಲಿ ಬಾಲ ಕೇಳಿದರೆ ಆಳು ತಿಳಿಯುತ್ತದೆ. ಆದ್ದರಿಂದಲೇ ಕನ್ನಡದಲ್ಲಿ ‘ನಾನು’, ‘ಅವಳು’ ಎಂಬುದನ್ನು ಬಿಟ್ಟರೂ ನಡೆಯುತ್ತದೆ, ಫ್ರೆಂಚಿನಲ್ಲಿ ನಡೆಯುವುದಿಲ್ಲ.

ವರ್ತಮಾನದಲ್ಲಿ ಕಾಡುವ ಅಡ್ಡಾದಿಡ್ಡಿ ಕ್ರಿಯಾಪದಗಳೂ ಇಲ್ಲಿ ಸಾಧುವಾಗುತ್ತವೆ. ಹೋಗು ಎಂಬುದಕ್ಕೆ ವರ್ತಮಾನದಲ್ಲಿ ‘ಜ ವೇ’ (ಹೋಗುತ್ತೇನೆ), ‘ನೂಝಾಲೋಂ’ (ಹೋಗುತ್ತೇವೆ) ಎಂದು ಬೇರೆ ಬೇರೆ ಬುಡಗಳು. ಅಪೂರ್ಣ ಭೂತದಲ್ಲಿ ನೆಟ್ಟಗೆ ‘ಜಾಲೆ’. ಕುಡಿ ಎಂಬುದಕ್ಕೆ ‘ನೂ ಬ್ಯೂವೋಂ’, ಆದ್ದರಿಂದ ‘ಜ ಬ್ಯೂವೆ’. ಮುಗಿಸು ಎಂಬುದಕ್ಕೆ ‘ನೂ ಫಿನಿಸೋಂ’, ಆದ್ದರಿಂದ ‘ಜ ಫಿನಿಸೆ’. ನಿಯಮಕ್ಕೆ ನಿಜವಾಗಿ ಹೊರಗುಳಿಯುವುದು ಒಂದೇ ಕ್ರಿಯಾಪದ, ‘ಇರು’. ಅದರ ‘ನಾವು’ ರೂಪ ‘ನೂ ಸೋಮ್’. ಕಳಚಲು ಬಾಲವೇ ಇಲ್ಲ. ಅದಕ್ಕೆ ‘ಎತ್’ ಎಂಬ ಬೇರೆ ಬುಡ ಹಿಡಿದು ‘ಜೇತೆ’ ಎನ್ನುತ್ತಾರೆ: ನಾನು ಇದ್ದೆ.

ಕನ್ನಡದಲ್ಲಿಯೂ ಕಥೆ ಇದೇ. ಬಾ, ಹೋಗು, ತಿನ್ನು, ಕೊಡು, ಬೀಳು ಎಂಬವುಗಳ ಭೂತಕಾಲ ಬಂದ, ಹೋದ, ತಿಂದ, ಕೊಟ್ಟ, ಬಿದ್ದ. ಒಂದೊಂದಕ್ಕೆ ಒಂದೊಂದು ಬಗೆ. ಕನ್ನಡ ಕಲಿಯುವ ಹೊರಗಿನವರನ್ನು ಕೇಳಿದರೆ ಈ ಕಷ್ಟ ಹೇಳುತ್ತಾರೆ. ಆದರೆ ‘-ಉತ್ತಿದ್ದ’ ಹಚ್ಚುವಾಗ ಯಾವ ತಕರಾರೂ ಇಲ್ಲ: ಬರುತ್ತಿದ್ದ, ಹೋಗುತ್ತಿದ್ದ, ತಿನ್ನುತ್ತಿದ್ದ, ಕೊಡುತ್ತಿದ್ದ, ಬೀಳುತ್ತಿದ್ದ. ಹಳಗನ್ನಡದ ‘ಉತ್ತಿರ್ದಂ’ ಎಂಬುದೇ ಸವೆದು ‘ಉತ್ತಿದ್ದ’ ಆಗಿದೆ. ‘ಇರು’ ಎಂಬ ಧಾತುವಿನ ಭೂತರೂಪ ಅದರ ಹೊಟ್ಟೆಯಲ್ಲಿ ಕುಳಿತಿದೆ.

ಫ್ರೆಂಚ್ ಪ್ರತ್ಯಯಗಳ ಬರವಣಿಗೆಗೂ ಒಂದು ಚರಿತ್ರೆಯುಂಟು, ಅದು ಈ ಸೀಮೆಯನ್ನು ಓರೆಯಾಗಿ ಮುಟ್ಟಿ ಹೋಗುತ್ತದೆ. 1775ರ ಸುಮಾರಿಗೆ ಆದವಾನಿಯ ಬಸಾಲತ್ ಜಂಗನ ಪಡೆ ಬಳ್ಳಾರಿ ಕೋಟೆಗೆ ಮುತ್ತಿಗೆ ಹಾಕಿತ್ತು. ಆ ಪಡೆಯಲ್ಲಿ ಲಾಲಿ ಎಂಬ ಫ್ರೆಂಚ್ ದಂಡನಾಯಕನಿದ್ದ. ಬಳ್ಳಾರಿಯ ಪಾಳೆಯಗಾರ ಹೈದರ್ ಅಲಿಯ ನೆರವು ಕೇಳಿದ. ಹೈದರ್ ಶ್ರೀರಂಗಪಟ್ಟಣದಿಂದ ಧಾವಿಸಿ ಬಂದು ಮುತ್ತಿಗೆಯನ್ನು ಮುರಿದ, ಕೋಟೆಯನ್ನು ತಾನೇ ಇಟ್ಟುಕೊಂಡ. ಅದೇ ಲಾಲಿ ಮುಂದೆ ಹೈದರನ ಸೇವೆಗೇ ಸೇರಿದ. ಹೈದರನ ಬಳಿ ಇದ್ದ ಇನ್ನೊಬ್ಬ ಫ್ರೆಂಚ್ ಅಧಿಕಾರಿ ಮೇತ್ರ್ ದ ಲಾ ತೂರ್ ಬರೆದ ಹೈದರನ ಚರಿತ್ರೆ 1783ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಆ ಕಾಲದ ಮುದ್ರಣದಲ್ಲಿ ಅಪೂರ್ಣ ಭೂತದ ಪ್ರತ್ಯಯವನ್ನು ಇಂದಿನ ‘ಎ-ಐ’ ಅಕ್ಷರಗಳ ಬದಲು ‘ಓ-ಐ’ ಅಕ್ಷರಗಳಿಂದ ಬರೆಯುವುದು ವಾಡಿಕೆ. ಉಚ್ಚಾರ ಎಂದೋ ಬದಲಾಗಿತ್ತು, ಬರವಣಿಗೆ ಬದಲಾಗಿರಲಿಲ್ಲ. ವೋಲ್ಟೇರ್ ಇದನ್ನು ತಿದ್ದಬೇಕೆಂದು ವಾದಿಸಿದ್ದ. ಫ್ರೆಂಚ್ ಅಕಾಡೆಮಿ ತನ್ನ ನಿಘಂಟಿನಲ್ಲಿ ತಿದ್ದುಪಡಿಯನ್ನು ಒಪ್ಪಿದ್ದು 1835ರಲ್ಲಿ.

ರೂಪ ಸುಲಭ, ಸರಿ. ಬಳಕೆ? ಇಲ್ಲಿ ಕನ್ನಡಿಗನಿಗೆ ಒಂದು ಉಪಾಯವಿದೆ: ಇತ್ತು ಮತ್ತು ಆಯಿತು. ‘ನನಗೆ ಗೊತ್ತಿತ್ತು’ ಎಂದರೆ ಫ್ರೆಂಚಿನಲ್ಲಿ ಅಪೂರ್ಣ ಭೂತ, ‘ಜ ಸಾವೆ’. ‘ನನಗೆ ಗೊತ್ತಾಯಿತು’ ಎಂದರೆ ಪಾಸೇ ಕೊಂಪೋಸೇ, ‘ಜೇ ಸ್ಯೂ’. ಎರಡರಲ್ಲಿಯೂ ಕ್ರಿಯಾಪದ ಒಂದೇ, ಕಾಲ ಮಾತ್ರ ಬೇರೆ. ಇಂಗ್ಲಿಷಿನವರು ಇದನ್ನು ಹೇಳಲು ಕ್ರಿಯಾಪದವನ್ನೇ ಬದಲಿಸಬೇಕಾಗುತ್ತದೆ. ‘ಭಯವಿತ್ತು’ ಮತ್ತು ‘ಭಯವಾಯಿತು’, ‘ಬೇಕಿತ್ತು’ ಮತ್ತು ‘ಬೇಕಾಯಿತು’ ಎಂಬ ಜೋಡಿಗಳೂ ಬಹುಮಟ್ಟಿಗೆ ಇದೇ ಹಾದಿಯವು. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಅದು ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಸೇರಿತು, ಮರಳಿತು, ಆಯಿತು ಎಂಬ ಮೂರೂ ಪಾಸೇ ಕೊಂಪೋಸೇ. ‘ಆಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು’ ಎಂದರೆ ಆ್ಯಂಪಾರ್ಫೆ.

ಎರಡು ಕಾಲಗಳೂ ಒಟ್ಟಿಗೆ ಬಂದಾಗ ಕೆಲಸ ಹಂಚಿಕೊಳ್ಳುವ ಬಗೆಯನ್ನು ನೋಡಲು ಕೊಟ್ಟೂರಿನ ತೇರಿಗಿಂತ ಬೇರೆ ನಿದರ್ಶನ ಬೇಡ. 2017ರ ಫೆಬ್ರುವರಿಯಲ್ಲಿ ಗುರು ಕೊಟ್ಟೂರೇಶ್ವರನ ತೇರು ಉರುಳಿದ ಸಂಗತಿ ಈ ಭಾಗದ ಜನರ ಕಣ್ಣಿನಲ್ಲಿ ಇನ್ನೂ ಇದೆ. ಅದನ್ನು ಕಂಡವರು ಹೇಳಬೇಕಾದರೆ ಮಾತು ಹೀಗೆ ಸಾಗುತ್ತದೆ: ಸಂಜೆಯಾಗಿತ್ತು, ಜನ ಕಿಕ್ಕಿರಿದಿದ್ದರು, ತೇರು ಸಾಗುತ್ತಿತ್ತು, ಬಾಳೆಹಣ್ಣು ಎಸೆಯುತ್ತಿದ್ದರು. ಅಷ್ಟರಲ್ಲಿ ತೇರು ವಾಲಿತು, ಉರುಳಿತು, ಜನ ಓಡಿದರು. ಮೊದಲ ಸಾಲಿನಲ್ಲಿ ಏನೂ ‘ಘಟಿಸುವುದಿಲ್ಲ’, ರಂಗ ಸಜ್ಜಾಗುತ್ತದೆ. ಎರಡನೆಯ ಸಾಲಿನಲ್ಲಿ ಕಥೆ ಮುಂದಕ್ಕೆ ಹೋಗುತ್ತದೆ. ಫ್ರೆಂಚಿನಲ್ಲಿಯೂ ‘ಲ ಶಾರ್ ಆವಾಂಸೆ’ (ತೇರು ಸಾಗುತ್ತಿತ್ತು) ಎಂಬುದು ಆ್ಯಂಪಾರ್ಫೆ, ‘ಇಲ್ ಎ ತೋಂಬೇ’ (ಅದು ಬಿತ್ತು) ಎಂಬುದು ಪಾಸೇ ಕೊಂಪೋಸೇ. ಅದಲುಬದಲು ಮಾಡಿದರೆ ಅರ್ಥ ಕೆಡುತ್ತದೆ. ತೇರು ‘ಉರುಳುತ್ತಿತ್ತು’ ಎಂದರೆ ಕೇಳುವವನು ಮುಂದಿನ ಮಾತಿಗೆ ಕಾಯುತ್ತಾನೆ: ಆಮೇಲೆ? ಯಾರಾದರೂ ತಡೆದರೇ?

ಫ್ರೆಂಚ್ ಕಾದಂಬರಿಕಾರರು ಈ ‘ಆಮೇಲೆ?’ ಎಂಬ ಕಾಯುವಿಕೆಯನ್ನೇ ಬಂಡವಾಳ ಮಾಡಿಕೊಂಡರು. ಫ್ಲೋಬೇರನ ಗದ್ಯದ ಗುಟ್ಟು ಆತ ಅಪೂರ್ಣ ಭೂತವನ್ನು ಬಳಸಿದ ರೀತಿಯಲ್ಲಿದೆ ಎಂದು ಮಾರ್ಸೆಲ್ ಪ್ರೂಸ್ತ್ 1920ರಲ್ಲಿ ಒಂದು ಪ್ರಬಂಧವನ್ನೇ ಬರೆದ. ವ್ಯಾಕರಣದ ಒಂದು ಪ್ರತ್ಯಯದ ಬಗ್ಗೆ ಸಾಹಿತಿಗಳು ಇಷ್ಟು ತಲೆಕೆಡಿಸಿಕೊಂಡದ್ದು ಕನ್ನಡದ ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಇಲ್ಲಿನ ಅಜ್ಜಿಯರು ಹೇಳುವ ಕಥೆಗಳ ಮೊದಲ ವಾಕ್ಯಗಳನ್ನು ಗಮನಿಸಿದರೆ ಅಲ್ಲಿಯೂ ಇದೇ ಕಾಲ: ಒಂದೂರಾಗ ಒಬ್ಬ ರಾಜ ಇದ್ದ, ಅವನಿಗೆ ಮಕ್ಕಳಿರಲಿಲ್ಲ, ದಿನಾ ಬೇಟೆಗೆ ಹೋಗುತ್ತಿದ್ದ. ಸಂಸ್ಕೃತದ ಕಥೆಗಾರರು ಇದಕ್ಕಾಗಿ ವರ್ತಮಾನದ ರೂಪಕ್ಕೆ ‘ಸ್ಮ’ ಎಂಬ ಅವ್ಯಯ ಸೇರಿಸುತ್ತಿದ್ದರು. ‘ವಸತಿ’ ಎಂದರೆ ವಾಸಿಸುತ್ತಾನೆ, ‘ವಸತಿ ಸ್ಮ’ ಎಂದರೆ ವಾಸಿಸುತ್ತಿದ್ದ. ಪಾಣಿನಿ ಅದಕ್ಕೆ ಸೂತ್ರ ಬರೆದಿದ್ದಾನೆ. ನಮ್ಮ ಶಾಲಾ ವ್ಯಾಕರಣ ಮಾತ್ರ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರನ್ನು ಎಣಿಸಿ ಕೈತೊಳೆದುಕೊಳ್ಳುತ್ತದೆ. ‘ಹೋದ’ ಮತ್ತು ‘ಹೋಗುತ್ತಿದ್ದ’ ಎರಡೂ ಒಂದೇ ಗೂಡಿನೊಳಗೆ ಬೀಳುವುದರಿಂದ, ತಾನು ದಿನವೂ ಆಡುವ ಭೇದಕ್ಕೆ ಒಂದು ಹೆಸರಿದೆ ಎಂಬುದೇ ವಿದ್ಯಾರ್ಥಿಗೆ ತಿಳಿಯದೆ ಹೋಗುತ್ತದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ಹಟ ಹಿಡಿದು ಬರೆದದ್ದು ಇಂಥ ಕಾರಣಗಳಿಗಾಗಿಯೇ.

ಇನ್ನೂ ಒಂದು ಸಂಗತಿ ಇದೆ. ಅಪೂರ್ಣ ಭೂತದೊಳಗೆ ವಾಸ್ತವವಾಗಿ ಎರಡು ಅರ್ಥಗಳಿವೆ. ಒಂದು ರೂಢಿ: ದಿನವೂ ಹೋಗುತ್ತಿದ್ದ. ಇನ್ನೊಂದು ಆ ಕ್ಷಣದಲ್ಲಿ ನಡೆಯುತ್ತಿದ್ದ ಕೆಲಸ: ನಾನು ನೋಡಿದಾಗ ಹೋಗುತ್ತಿದ್ದ. ಭಾಷಾಶಾಸ್ತ್ರಜ್ಞ ಬರ್ನಾರ್ಡ್ ಕಾಮ್ರಿ 1976ರ ತನ್ನ ಗ್ರಂಥದಲ್ಲಿ ಇವೆರಡನ್ನು ಒಂದೇ ಮರದ ಎರಡು ಕೊಂಬೆಗಳಂತೆ ವಿಂಗಡಿಸಿದ್ದಾನೆ. ಫ್ರೆಂಚ್ ಎರಡಕ್ಕೂ ಒಂದೇ ರೂಪ ಕೊಟ್ಟಿದೆ. ಗ್ರಾಂಥಿಕ ಕನ್ನಡವೂ ಹಾಗೆಯೇ. ಆದರೆ ಈ ಐದು ತಾಲ್ಲೂಕುಗಳ ಆಡುಮಾತು ಒಂದು ಹೆಜ್ಜೆ ಮುಂದೆ ಹೋಗಿ ಎರಡನ್ನೂ ಬೇರ್ಪಡಿಸಬಲ್ಲದು. ‘ಅಪ್ಪ ದಿನಾ ಹೊಲಕ್ಕ ಹೋಗ್ತಿದ್ದ’ ಎಂಬುದು ರೂಢಿ. ‘ಅಪ್ಪ ಹೊಲಕ್ಕ ಹೋಗಾಕತ್ತಿದ್ದ, ಅಷ್ಟರಾಗ ಮಳಿ ಬಂತು’ ಎಂಬುದು ನಡೆಯುತ್ತಿದ್ದ ಕೆಲಸ. ‘ಹೋಗಲಿಕ್ಕೆ ಹತ್ತಿದ್ದ’ ಎಂಬುದೇ ‘ಹೋಗಾಕತ್ತಿದ್ದ’ ಆಗಿದೆ. ಉತ್ತರ ಕರ್ನಾಟಕದ ಉದ್ದಕ್ಕೂ ಕೇಳುವ ಈ ‘ಹತ್ತು’ ತುಂಗಭದ್ರೆಯ ಈ ದಂಡೆಯ ಎಲ್ಲ ಮನೆಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಕೇಳಿಸದು. ಆದರೆ ಕೇಳಿದರೆ ಯಾರಿಗೂ ಅಪರಿಚಿತವಲ್ಲ. ಕೊಟ್ಟೂರಿನವರಾದ ಕುಂ. ವೀರಭದ್ರಪ್ಪನವರ ಕಥೆ ಕಾದಂಬರಿಗಳನ್ನು ಓದಿದವರಿಗೆ ಈ ಸೀಮೆಯ ಕ್ರಿಯಾಪದಗಳ ವೈಭವ ಗೊತ್ತು. ಫ್ರೆಂಚಿನವರು ಇದೇ ಭೇದವನ್ನು ಒತ್ತಿ ಹೇಳಬೇಕಾದಾಗ ‘ಏತ್ರ್ ಆಂ ತ್ರೆಂ ದ’ ಎಂಬ ಮೂರು ನಾಲ್ಕು ಮಾತಿನ ಜೋಡಣೆಗೆ ಮೊರೆಹೋಗುತ್ತಾರೆ. ‘ಹತ್ತಿದ್ದ’ ಎಂಬುದಕ್ಕೆ ಸರಿಸಮನಾದ ಫ್ರೆಂಚ್ ಅದು.

ಈ ಕಾಲ ಹೇಳದೆ ಬಿಡುವ ಒಂದು ವಿಷಯವೂ ಇದೆ. ಕೆಲಸ ಯಾವಾಗ ಶುರುವಾಯಿತು, ಯಾವಾಗ ನಿಂತಿತು, ನಿಂತಿತೋ ಇಲ್ಲವೋ ಎಂಬುದು ಅದರಲ್ಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ರೈಲು ಬರುತ್ತಿತ್ತು. ಗೇಜ್ ಪರಿವರ್ತನೆಯ ನಂತರ ಎಷ್ಟೋ ವರ್ಷ ಪ್ರಯಾಣಿಕರ ರೈಲು ಇರಲಿಲ್ಲ. ‘ಬರುತ್ತಿತ್ತು’ ಎಂದು ನೆನೆಯುವುದಷ್ಟೇ ಉಳಿಯಿತು. 2019ರಲ್ಲಿ ಹೊಸಪೇಟೆ, ಕೊಟ್ಟೂರು, ಹರಿಹರ ಮಾರ್ಗದಲ್ಲಿ ಮತ್ತೆ ರೈಲು ಬಂತು. ‘ಬರುತ್ತಿತ್ತು’ ಎಂಬ ಹಳೆಯ ವಾಕ್ಯ ಆಗಲೂ ಸುಳ್ಳಾಗಲಿಲ್ಲ.

ರೈಲಿನ ವಿಷಯದಲ್ಲಿ ಇದರಿಂದ ನಷ್ಟವಿಲ್ಲ. ಎಲ್ಲ ವಿಷಯಗಳಲ್ಲಿಯೂ ಹಾಗಲ್ಲ. ಈ ತಾಲ್ಲೂಕುಗಳು ದೇವದಾಸಿ ಪದ್ಧತಿಯಿಂದ ನೊಂದವು. 1982ರ ಕಾಯ್ದೆ ಅದನ್ನು ನಿಷೇಧಿಸಿತು. ರಾಜ್ಯ ಸರ್ಕಾರ 1993-94ರಲ್ಲಿ ಮತ್ತು 2007-08ರಲ್ಲಿ ಸಮೀಕ್ಷೆ ನಡೆಸಿತು. ಎರಡರಿಂದ ರಾಜ್ಯದಲ್ಲಿ ಗುರುತಿಸಲಾದ ಮಹಿಳೆಯರ ಸಂಖ್ಯೆ 46 ಸಾವಿರ ಮೀರಿತು. ‘ಮೊದಲು ಮುತ್ತು ಕಟ್ಟುತ್ತಿದ್ದರು’ ಎಂಬ ಉತ್ತರವನ್ನು ಬರೆದುಕೊಳ್ಳುವವರು ಪದ್ಧತಿ ನಿಂತಿದೆ ಎಂದು ಓದಿಕೊಂಡುಬಿಡಬಹುದು. ಆ ವಾಕ್ಯ ಹಾಗೆ ಹೇಳುವುದಿಲ್ಲ. ಕೊನೆಯದಾಗಿ ಯಾವ ವರ್ಷ ‘ಕಟ್ಟಿದರು’ ಎಂದು ಮರುಪ್ರಶ್ನೆ ಕೇಳಿದಾಗ ಮಾತ್ರ ಉತ್ತರಕ್ಕೆ ಒಂದು ಅಂಚು ಬರುತ್ತದೆ. ಅನುವಾದದಲ್ಲಿಯೂ ಇದೇ ಅಪಾಯ. ಇಂಗ್ಲಿಷಿನ ‘ಯೂಸ್ಡ್ ಟು’ ಎಂಬ ಮಾತು ಈಗ ಇಲ್ಲ ಎಂಬ ಧ್ವನಿಯನ್ನು ಬಹಳ ಬೇಗ ಎಳೆದು ತರುತ್ತದೆ. ಫ್ರೆಂಚಿನ ಆ್ಯಂಪಾರ್ಫೆಗಾಗಲಿ ಕನ್ನಡದ ‘-ಉತ್ತಿದ್ದ’ಕ್ಕಾಗಲಿ ಅಷ್ಟು ಆತುರವಿಲ್ಲ.

ವಿನಯಕ್ಕೂ ಈ ಕಾಲ ಒದಗುತ್ತದೆ. ನಾಡಕಚೇರಿಯ ಕಿಟಕಿಯ ಮುಂದೆ ನಿಂತ ರೈತ ‘ಪಹಣಿ ಬೇಕು’ ಎನ್ನುವುದಿಲ್ಲ, ‘ಒಂದು ಪಹಣಿ ಬೇಕಾಗಿತ್ರಿ’ ಎನ್ನುತ್ತಾನೆ. ಬೇಕಾಗಿರುವುದು ಈಗಲೇ, ಆದರೂ ಅದನ್ನು ಭೂತಕ್ಕೆ ತಳ್ಳಿದರೆ ಮಾತಿನ ಮೊನೆ ಮೊಂಡಾಗುತ್ತದೆ. ಪ್ಯಾರಿಸ್ಸಿನ ಕಚೇರಿಯಲ್ಲಿಯೂ ‘ಜ ವುಲೆ ವೂ ದಮಾಂದೇ’ ಎಂದೇ ಶುರುಮಾಡುತ್ತಾರೆ: ನಿಮ್ಮನ್ನೊಂದು ಕೇಳಬೇಕಾಗಿತ್ತು. ಎರಡೂ ಕಡೆ ಗುಮಾಸ್ತರು ಕರಗುತ್ತಾರೆಯೇ ಎಂಬುದು ಬೇರೆ ಪ್ರಶ್ನೆ.

ಹಾಗೆಂದು ಕನ್ನಡವನ್ನು ಕಣ್ಣುಮುಚ್ಚಿ ನಂಬಿ ಫ್ರೆಂಚಿಗೆ ಇಳಿಯುವಂತಿಲ್ಲ. ಮುಖ್ಯವಾಗಿ ಎರಡು ಕಡೆ ಅದು ದಾರಿ ತಪ್ಪಿಸುತ್ತದೆ. ‘ಹತ್ತು ವರ್ಷ ಉಜ್ಜಿನಿ ಜಾತ್ರೆಗೆ ಹೋಗುತ್ತಿದ್ದೆ’ ಎಂದರೆ ಕನ್ನಡದಲ್ಲಿ ಸರಿ. ಆದರೆ ಹತ್ತು ವರ್ಷ ಎಂದು ಅವಧಿಗೆ ಬೇಲಿ ಹಾಕಿದ ಮೇಲೆ ಫ್ರೆಂಚ್ ಸಾಮಾನ್ಯವಾಗಿ ಅಪೂರ್ಣ ಭೂತವನ್ನು ಒಪ್ಪುವುದಿಲ್ಲ. ಅಲ್ಲಿ ಪಾಸೇ ಕೊಂಪೋಸೇ ಬೇಕು. ‘ಚಿಕ್ಕವನಿದ್ದಾಗ ಹೋಗುತ್ತಿದ್ದೆ’ ಎಂದರೆ ಮತ್ತೆ ಆ್ಯಂಪಾರ್ಫೆ. ಇನ್ನೊಂದು ಗೊಂದಲ ‘ಇದ್ದ’ದ್ದು. ‘ಕಟ್ಟೆಯ ಮೇಲೆ ಕೂತಿದ್ದ’ ಎಂಬುದು ಆ ಹೊತ್ತಿನ ಸ್ಥಿತಿ, ಆದ್ದರಿಂದ ಆ್ಯಂಪಾರ್ಫೆ. ‘ಊಟ ಮಾಡಿದ್ದ’ ಎಂಬುದು ಅದಕ್ಕೂ ಮೊದಲೇ ಮುಗಿದ ಕೆಲಸ. ಹೊರಗಿನಿಂದ ಎರಡೂ ಒಂದೇ ಥರ ಕಂಡರೂ ಎರಡನೆಯದಕ್ಕೆ ಫ್ರೆಂಚಿನಲ್ಲಿ ‘ಪ್ಲ್ಯೂ ಕ ಪಾರ್ಫೆ’ ಎಂಬ ಬೇರೆ ಕಾಲವೇ ಇದೆ. ಅದನ್ನು ಕಟ್ಟುವುದೂ ಅಪೂರ್ಣ ಭೂತದಿಂದಲೇ: ‘ಇಲಾವೆ’ ಎಂಬುದರ ಮುಂದೆ ಮುಗಿದ ಕ್ರಿಯೆಯನ್ನು ಇಟ್ಟರಾಯಿತು. ‘ಮಾಡಿ’ ಎಂಬುದಕ್ಕೆ ‘ಇದ್ದ’ ಸೇರಿಸುವ ಕನ್ನಡದ ಕ್ರಮವೂ ಇದಕ್ಕೆ ದೂರದ್ದಲ್ಲ.

ಉಳಿದದ್ದು, ಆಗದೇ ಹೋದ ಸಂಗತಿಗಳನ್ನು ಹೇಳುವ ಬಗೆ. ಕೂಡ್ಲಿಗಿಯ ಮಳೆಯಾಶ್ರಿತ ಹೊಲಗಳಲ್ಲಿ ಬರದ ವರ್ಷ ಕೇಳುವ ಮಾತೊಂದಿದೆ: ‘ಮಳಿ ಬಂದಿದ್ರ ಬಿತ್ತುತ್ತಿದ್ವಿ.’ ಬಿತ್ತಲಿಲ್ಲ, ಆದರೂ ‘ಬಿತ್ತುತ್ತಿದ್ವಿ’. ರೂಢಿಯನ್ನು ಹೇಳುವ ಅದೇ ರೂಪ ಇಲ್ಲಿ ನಡೆಯದ ಕೆಲಸವನ್ನು ಹೇಳುತ್ತಿದೆ. ಫ್ರೆಂಚಿನಲ್ಲಿಯೂ ಊಹೆಯ ವಾಕ್ಯ ಇದೇ ಪ್ರತ್ಯಯಗಳ ಸುತ್ತ ನಿಲ್ಲುತ್ತದೆ. ‘ಮಳೆ ಬಂದರೆ’ ಎಂದು ಬರೀ ಆಸೆಯಾಗಿ ಹೇಳುವಾಗ ‘ಸಿಲ್ ಪ್ಲೊವೆ’, ಅಂದರೆ ‘ಮಳೆ ಬರುತ್ತಿತ್ತು’ ಎಂಬ ರೂಪಕ್ಕೇ ‘-ಆದರೆ’ ಸೇರಿಸಿದಂತೆ. ಕಾಲ ಮೀರಿದ ಮೇಲೆ ‘ಮಳೆ ಬಂದಿದ್ದರೆ ಬಿತ್ತುತ್ತಿದ್ದೆವು’ ಎಂದು ಹೇಳಬೇಕಾದರೆ ‘ಸಿಲಾವೆ ಪ್ಲ್ಯೂ, ನೂಝೋರ್ಯೋಂ ಸಮೇ’. ಮೊದಲರ್ಧದಲ್ಲಿರುವ ‘ಆವೆ’ ನೇರವಾಗಿ ಅಪೂರ್ಣ ಭೂತ. ಎರಡನೆಯ ಅರ್ಧದಲ್ಲಿರುವ ‘ಓರ್ಯೋಂ’ ಎಂಬುದು ಷರತ್ತಿನ ರೂಪ, ಆದರೆ ಅದರ ಬಾಲದಲ್ಲಿರುವ ‘ಯೋಂ’ ಮೊದಲು ಕಂಡ ‘ನೂ ಪಾರ್ಲ್ಯೋಂ’ ಎಂಬುದರ ‘ಯೋಂ’ ತಾನೇ.